ಬಾಗಿಲ ಬಳಿಯ ಐದು ನಿಮಿಷ

ಮೇ ತಿಂಗಳ ಒಂದು ರಾತ್ರಿ ಕಲಬುರಗಿ ಜಿಲ್ಲೆಯ ರಾವೂರಿನ ನಮ್ಮ ಮನೆಯ ಮಾಳಿಗೆಯ ಮೇಲೆ ಮಲಗಿದ್ದ ಕಾಕಿ ಎದ್ದು ಕೂತಳು. ಮೈ ತೊಯ್ದು ತೊಪ್ಪೆಯಾಗಿತ್ತು. ಹಗಲೆಲ್ಲ ಕಾದ ಪರ್ಸಿ ಕಲ್ಲು ನಡುರಾತ್ರಿಯವರೆಗೂ ಉಗುಳುವ ಸೆಕೆ ನಮಗೆ ಹೊಸದಲ್ಲ. ಬೆವರನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ‘ಹೊಟ್ಟಿ ಮ್ಯಾಗ ಬಿಗದಂಗ ಆಗ್ಲತ್ತದ, ಗ್ಯಾಸ ಆಗಿರಬೇಕು’ ಅಂದಳು. ಸೋಡಾ ಕುಡಿಸಿದೆವು, ವಾಂತಿಯಾಯಿತು. ಆಗ ನೆರೆಮನೆಯವರನ್ನು ಎಬ್ಬಿಸಿ ಅವರ ಗಾಡಿಯಲ್ಲಿ ದವಾಖಾನೆಗೆ ಹೊರಟೆವು.

ಅಲ್ಲಿ ಒಬ್ಬರು ಡಾಕ್ಟರು, ಒಬ್ಬ ಸಿಸ್ಟರ್. ಬೈಕಿನಿಂದ ಬಿದ್ದ ಹುಡುಗನೊಬ್ಬನನ್ನು ಹತ್ತು ಹನ್ನೆರಡು ಮಂದಿ ಎತ್ತಿಕೊಂಡು ಬಂದಿದ್ದರು. ತಲೆ ಒಡೆದು ಮುಖವೆಲ್ಲ ರಕ್ತ. ‘ಡಾಕ್ಟರ್ ಎಲ್ಲಿ, ಮೊದಲ ಇವನ್ನ ನೋಡ್ರಿ’ ಎಂಬ ಕೂಗು. ಕಾಕಿ ಗೋಡೆಗೆ ಒರಗಿ ಬೆಂಚಿನ ಮೇಲೆ ಕೂತಿದ್ದಳು. ಸಿಸ್ಟರ್ ಒಮ್ಮೆ ಬಂದು ‘ಏನವ್ವಾ, ಏನಾಗ್ಯಾದ?’ ಎಂದು ಕೇಳಿದರು. ಕಾಕಿ ಹೇಳಿದ ಮಾತು ನನಗೆ ಇವತ್ತಿಗೂ ಹಾಗೇ ಕಿವಿಯಲ್ಲಿದೆ: ‘ಏನಿಲ್ಲ ನನ್ನವ್ವ, ಗ್ಯಾಸ ಆಗ್ಯಾದ. ಆ ಹುಡುಗಗ ಮೊದಲ ನೋಡು, ರಕ್ತ ಸುರಿಲತ್ತದ.’

ನಲವತ್ತು ನಿಮಿಷ ಕಳೆಯಿತು. ಹುಡುಗನಿಗೆ ಹೊಲಿಗೆ ಹಾಕಿದರು, ಬೆಳಗಾಗುವುದರೊಳಗೆ ಅವನು ಮನೆಗೆ ಹೋದ. ಕಾಕಿಯ ಎದೆಗೆ ಇಸಿಜಿ ಹಚ್ಚಿದಾಗ ಹೃದಯಾಘಾತ ಎಂದು ಗೊತ್ತಾಯಿತು. ಜೀವ ಉಳಿಯಿತು. ಆದರೆ ಇವತ್ತು ಅವಳು ಅದೇ ಮಾಳಿಗೆ ಹತ್ತಲು ನಡುವೆ ಎರಡು ಸಲ ನಿಲ್ಲುತ್ತಾಳೆ. ಸಿಸ್ಟರ್ ಮೇಲೆ ನನಗೆ ಸಿಟ್ಟಿಲ್ಲ. ಕಾಕಿ ತನ್ನ ಬಾಯಿಂದಲೇ ತನ್ನನ್ನು ಸಾಲಿನ ಹಿಂದಕ್ಕೆ ತಳ್ಳಿಕೊಂಡಿದ್ದಳು. ಆ ಮಾತನ್ನು ಮೀರಿ ಕೇಳುವ, ಅಳೆಯುವ ಒಂದು ಪದ್ಧತಿ ಬಾಗಿಲಲ್ಲಿ ಇರಲಿಲ್ಲ, ಅಷ್ಟೆ.

ಆ ಪದ್ಧತಿಗೆ ವೈದ್ಯರು ಟ್ರಯಾಜ್ ಅನ್ನುತ್ತಾರೆ. ಫ್ರೆಂಚ್ ಭಾಷೆಯಲ್ಲಿ ಉಣ್ಣೆಯನ್ನು, ಕಾಫಿ ಬೀಜವನ್ನು ಆರಿಸಿ ಬೇರೆ ಮಾಡುವುದಕ್ಕೆ ಬಳಸುತ್ತಿದ್ದ ಮಾತು ಅದು. ನಮ್ಮ ಕಡೆ ಜೋಳ ಹಸನು ಮಾಡುವುದು ಅಂತೇವಲ್ಲ, ಅದೇ ಕೆಲಸ. ನೆಪೋಲಿಯನ್ನನ ಸೈನ್ಯದ ಶಸ್ತ್ರವೈದ್ಯ ಡೊಮಿನಿಕ್ ಜೀನ್ ಲಾರೆ ಇದನ್ನು ಯುದ್ಧಭೂಮಿಯಲ್ಲಿ ನಿಯಮವಾಗಿ ತಂದ: ಅಧಿಕಾರಿಯೋ ಸಿಪಾಯಿಯೋ ಎಂದು ನೋಡದೆ, ಯಾರ ಗಾಯ ಹೆಚ್ಚು ಅಪಾಯದ್ದೋ ಅವರಿಗೆ ಮೊದಲು ಚಿಕಿತ್ಸೆ. ಇನ್ನೂರು ವರ್ಷ ದಾಟಿದ ಈ ಮಾತು ನಮ್ಮ ಊರಿನ ದವಾಖಾನೆಯ ಬಾಗಿಲಿಗೆ ಇನ್ನೂ ಪೂರ್ತಿ ಬಂದು ಮುಟ್ಟಿಲ್ಲ. ಇಲ್ಲಿ ಬಹಳ ಸಲ ಮೊದಲ ಸರದಿ ಜೋರು ದನಿಗೆ, ಜೊತೆಗೆ ಬಂದ ಮಂದಿಯ ಸಂಖ್ಯೆಗೆ, ಯಾರೋ ಮಾಡಿಸಿದ ಫೋನಿಗೆ ಸಿಗುತ್ತದೆ.

ಈಗ ಜಗತ್ತಿನಲ್ಲಿ ಹಲವು ಅಳತೆಗೋಲುಗಳಿವೆ. ಇಂಗ್ಲೆಂಡಿನ ಮ್ಯಾಂಚೆಸ್ಟರ್ ಪದ್ಧತಿಯಲ್ಲಿ ಐದು ಬಣ್ಣ. ಕೆಂಪು ಬಿದ್ದವರಿಗೆ ತಕ್ಷಣ ಚಿಕಿತ್ಸೆ, ಕಿತ್ತಳೆಗೆ 10 ನಿಮಿಷದೊಳಗೆ, ಹಳದಿಗೆ 60, ಹಸಿರಿಗೆ 120, ನೀಲಿಗೆ 240 ನಿಮಿಷ. ಅಮೆರಿಕದಲ್ಲಿ 1990ರ ದಶಕದ ಕೊನೆಗೆ ರಿಚರ್ಡ್ ವುರ್ಜ್ ಮತ್ತು ಡೇವಿಡ್ ಐಟೆಲ್ ಎಂಬ ವೈದ್ಯರು ರೂಪಿಸಿದ ಎಮರ್ಜೆನ್ಸಿ ಸಿವಿಯರಿಟಿ ಇಂಡೆಕ್ಸ್‌ನಲ್ಲಿ ಒಂದರಿಂದ ಐದರವರೆಗೆ ಅಂಕೆ. ದೆಹಲಿಯ ಏಮ್ಸ್ ತನ್ನದೇ ಮೂರು ಬಣ್ಣದ ಕ್ರಮ ಮಾಡಿಕೊಂಡಿದೆ: ಕೆಂಪು, ಹಳದಿ, ಹಸಿರು. ಬಣ್ಣ ಹಚ್ಚುವುದು ಸುಲಭ. ಹಚ್ಚಿದ ಬಣ್ಣ ರೋಗಿಯ ಒಳಗಿನ ನಿಜಕ್ಕೆ ಎಷ್ಟು ಹೊಂದುತ್ತದೆ ಎಂದು ತಿಳಿಯುವುದು ಹೇಗೆ?

ಹಾಗೆ ಪರೀಕ್ಷಿಸಲು ಒಂದು ದಾರಿ, ಒಬ್ಬನೇ ರೋಗಿಯನ್ನು ಇಬ್ಬರು ಸಿಸ್ಟರುಗಳು ಬೇರೆ ಬೇರೆಯಾಗಿ ನೋಡಿ ಬಣ್ಣ ಕೊಡುವುದು. ಇಬ್ಬರ ಬಣ್ಣ ಒಂದೇ ಆದರೆ ಅಳತೆಗೋಲು ಕೈಯಿಂದ ಕೈಗೆ ಬದಲಾಗುವುದಿಲ್ಲ ಎಂದಾಯಿತು. ಆದರೆ ಇಬ್ಬರೂ ಸೇರಿ ತಪ್ಪಬಹುದು. ನನ್ನ ಕಾಕಿಗೆ ಹತ್ತು ಮಂದಿ ಹಸಿರು ಕೊಡುತ್ತಿದ್ದರೇನೋ. ಅದಕ್ಕೇ ಎರಡನೆಯ ದಾರಿ ಬೇಕು: ಮುಂದೆ ಏನಾಯಿತು ಎಂದು ನೋಡುವುದು. ಹಸಿರು ಕೊಟ್ಟು ಬೆಂಚಿನ ಮೇಲೆ ಕೂಡಿಸಿದವರಲ್ಲಿ ಎಷ್ಟು ಜನ ಅದೇ ದಿನ ಐಸಿಯು ಸೇರಿದರು, ಎಷ್ಟು ಜನ ತೀರಿಕೊಂಡರು?

ಈ ಎರಡನೆಯ ಬಗೆಯ ದೊಡ್ಡ ಲೆಕ್ಕವೊಂದು 2023ರಲ್ಲಿ ಅಮೆರಿಕದಿಂದ ಬಂತು. ಉತ್ತರ ಕ್ಯಾಲಿಫೋರ್ನಿಯಾದ ಒಂದೇ ಸಂಸ್ಥೆಯ 21 ಆಸ್ಪತ್ರೆಗಳಲ್ಲಿ 2016ರಿಂದ 2020ರವರೆಗೆ ತುರ್ತು ವಿಭಾಗಕ್ಕೆ ಬಂದ 53 ಲಕ್ಷ ಭೇಟಿಗಳನ್ನು ಹಿಂತಿರುಗಿ ನೋಡಿದರು. ಕಂಪ್ಯೂಟರು, ತರಬೇತಿ, ಸಿಬ್ಬಂದಿ ಎಲ್ಲ ಇದ್ದ ಆ ಜಾಗದಲ್ಲೂ ಶೇ 32.2ರಷ್ಟು ಭೇಟಿಗಳಲ್ಲಿ ಎಮರ್ಜೆನ್ಸಿ ಸಿವಿಯರಿಟಿ ಇಂಡೆಕ್ಸ್‌ನ ಅಂಕೆ ತಪ್ಪಿತ್ತು. ಬಹುಪಾಲು ತಪ್ಪು, ಅಂದರೆ ಶೇ 28.9, ಇರುವುದಕ್ಕಿಂತ ಹೆಚ್ಚು ಗಂಭೀರ ಎಂದು ಎಣಿಸಿದ್ದು. ಅದರಿಂದ ಕೆಲಸ ಹೆಚ್ಚುತ್ತದೆ, ಆ ರೋಗಿಯ ಜೀವ ಹೋಗುವುದಿಲ್ಲ. ಗಂಭೀರವಾಗಿದ್ದವರನ್ನು ಕಡಿಮೆ ಎಣಿಸಿದ್ದು ಶೇ 3.3. ಕೇಳಲು ಸಣ್ಣ ಅಂಕೆ, ಎಣಿಸಿದರೆ ಸುಮಾರು ಒಂದು ಲಕ್ಷ ಎಪ್ಪತ್ತೈದು ಸಾವಿರ ಭೇಟಿ ಆಗುತ್ತದೆ. ನಿಜವಾಗಿ ತೀವ್ರ ಕಾಯಿಲೆ ಇದ್ದವರಲ್ಲಿ ಆ ಪದ್ಧತಿ ಬಾಗಿಲಲ್ಲೇ ಗುರುತಿಸಿದ್ದು ಶೇ 66ರಷ್ಟನ್ನು ಮಾತ್ರ. ಕಪ್ಪು ಜನಾಂಗದವರನ್ನು ಕಡಿಮೆ ಎಣಿಸುವ ಸಾಧ್ಯತೆ ಬಿಳಿಯರಿಗಿಂತ ಹೆಚ್ಚಿತ್ತು. ಆ ಸಂಸ್ಥೆಯನ್ನು ನಾನು ಮೆಚ್ಚುತ್ತೇನೆ. ತನ್ನ ತಪ್ಪನ್ನು ತಾನೇ ಎಣಿಸಿ ಊರಿಗೆಲ್ಲ ಹೇಳಿತು.

ಹಾಗೆಂದು ಆ ಅಳತೆಗೋಲನ್ನು ತಂದು ಚಿತ್ತಾಪುರ, ಸೇಡಂ, ಚಿಂಚೋಳಿಯ ಬಾಗಿಲಿಗೆ ಹಚ್ಚಿದರೆ ಆಗುವುದಿಲ್ಲ. ಅದರ ಕೆಳಗಿನ ಮೂರು ಹಂತಗಳು ನಿಂತಿರುವುದು ‘ಈ ರೋಗಿಗೆ ಎಷ್ಟು ಬಗೆಯ ಪರೀಕ್ಷೆ, ಚಿಕಿತ್ಸೆ ಬೇಕಾದೀತು’ ಎಂಬ ಅಂದಾಜಿನ ಮೇಲೆ. ರಕ್ತ ಪರೀಕ್ಷೆ, ಸ್ಕ್ಯಾನ್, ಸಲಾಯಿನ್ ಎಂದು ಬೆರಳು ಮಡಚಿ ಎಣಿಸುತ್ತ ಹೋಗುವುದು. ಸ್ಕ್ಯಾನೇ ಇಲ್ಲದ ಕಡೆ, ರಾತ್ರಿ ಪ್ರಯೋಗಾಲಯಕ್ಕೆ ಬೀಗ ಬೀಳುವ ಕಡೆ ಆ ಎಣಿಕೆ ದವಾಖಾನೆಯ ಬಡತನವನ್ನು ಅಳೆಯುತ್ತದೆಯೇ ಹೊರತು ರೋಗಿಯ ಸಂಕಟವನ್ನಲ್ಲ. ನಮಗೆ ಹೆಚ್ಚು ಹತ್ತಿರವಾದದ್ದು ದಕ್ಷಿಣ ಆಫ್ರಿಕಾದ ಪದ್ಧತಿ. 2004ರಲ್ಲಿ ಕೇಪ್‌ಟೌನಿನಲ್ಲಿ ಸೇರಿದ ವೈದ್ಯರು, ದಾದಿಯರ ಗುಂಪು, ವೈದ್ಯರು ಕಡಿಮೆ ಇರುವ ಆಸ್ಪತ್ರೆಗಳಿಗೆಂದೇ ಅದನ್ನು ಕಟ್ಟಿತು. ನಾಡಿ, ಉಸಿರಿನ ಎಣಿಕೆ, ರಕ್ತದೊತ್ತಡ, ಜ್ವರ, ಪ್ರಜ್ಞೆ, ತಾನೇ ನಡೆದು ಬಂದರೋ ಹೊತ್ತು ತಂದರೋ, ಪೆಟ್ಟು ಬಿದ್ದಿದೆಯೋ — ಇಷ್ಟಕ್ಕೆ ಅಂಕ ಕೊಟ್ಟು ಕೂಡಿಸುವುದು. ದುಡ್ಡಿನ ಉಪಕರಣ ಬೇಡ, ಸಿಸ್ಟರ್ ಒಬ್ಬರೇ ಮಾಡಬಹುದು.

ಇದರಲ್ಲಿ ಎಲ್ಲಕ್ಕಿಂತ ಅಗ್ಗದ್ದು, ಎಲ್ಲಕ್ಕಿಂತ ಹೆಚ್ಚು ಅಲಕ್ಷ್ಯಕ್ಕೆ ಗುರಿಯಾದದ್ದು ಉಸಿರಿನ ಎಣಿಕೆ. ಗಡಿಯಾರ ನೋಡಿ ಒಂದು ನಿಮಿಷ ಎದೆಯ ಏರಿಳಿತ ಎಣಿಸಬೇಕು. ಕೆಲಸದ ಒತ್ತಡದಲ್ಲಿ ಎಷ್ಟೋ ಕಡೆ ಎಣಿಸದೆ ಸಾಲಾಗಿ 18, 20 ಎಂದು ಬರೆದುಬಿಡುತ್ತಾರೆ. ಇದು ಜಗತ್ತಿನ ಎಲ್ಲ ಆಸ್ಪತ್ರೆಗಳ ಹಳೆಯ ರೋಗ. ದೇಹ ಒಳಗೆ ಸೋಲುತ್ತಿದೆ ಎಂಬ ಸುದ್ದಿಯನ್ನು ಬಹಳ ಸಲ ಮೊದಲು ತರುವುದು ಉಸಿರೇ.

ರಾವೂರು, ವಾಡಿ, ಶಹಾಬಾದ್ ಸುತ್ತ ಕಲ್ಲಿನ ಕೆಲಸ ಮಾಡುವವರಿಗೆ ಒಂದು ವಿದ್ಯೆ ಗೊತ್ತು. ಪರ್ಸಿಯನ್ನು ಕಣ್ಣಿಂದ ನೋಡಿದರೆ ಎಲ್ಲ ಒಂದೇ. ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದರೆ ಗಟ್ಟಿ ಕಲ್ಲು ಗಣ್ಣೆನ್ನುತ್ತದೆ, ಒಳಗೆ ಬಿರುಕಿದ್ದದ್ದು ಬೊದ್ದೆನ್ನುತ್ತದೆ. ನಮ್ಮ ಸೀಮೆಯ ಕೆಲವು ಕಾಯಿಲೆಗಳು ಹೀಗೇ. ಮೇಲೆ ಏನೂ ಕಾಣುವುದಿಲ್ಲ, ತಟ್ಟಿ ನೋಡಿದವರಿಗಷ್ಟೇ ಗೊತ್ತಾಗುತ್ತದೆ.

ಕಟ್ಟುಹಾವಿನ ಕಡಿತವನ್ನೇ ತೆಗೆದುಕೊಳ್ಳಿ. ಕಪ್ಪು ಮೈ, ತೆಳ್ಳನೆಯ ಬಿಳಿ ಪಟ್ಟಿ, ರಾತ್ರಿ ನೆಲದ ಮೇಲೆ ಮಲಗಿದವರ ಹಾಸಿಗೆಗೆ ಬರುವ ಹಾವು. ಕಡಿದ ಜಾಗದಲ್ಲಿ ನೋವಿಲ್ಲ, ಬಾವಿಲ್ಲ, ಹಲ್ಲಿನ ಗುರುತೂ ಬಹಳ ಸಲ ಕಾಣುವುದಿಲ್ಲ. ಬೆಳಗಿನ ಜಾವ ಎದ್ದವನು ಹೊಟ್ಟೆ ನೋವು, ಗಂಟಲು ಕಟ್ಟಿದೆ ಅನ್ನುತ್ತಾನೆ. ಕಣ್ಣು ನಿದ್ದೆಗಣ್ಣಿನಂತೆ ಜೋತಿರುತ್ತದೆ. ಬಾಗಿಲಲ್ಲಿ ಅವನಿಗೆ ಹೊಟ್ಟೆ ನೋವಿನ ಹಸಿರು ಬಣ್ಣ ಬೀಳುತ್ತದೆ. ತಾಸೆರಡು ತಾಸಿನಲ್ಲಿ ಉಸಿರಾಟದ ಸ್ನಾಯುಗಳೇ ನಿಲ್ಲಬಹುದು. ‘ರೆಪ್ಪೆ ಎತ್ತಪ್ಪಾ’ ಎಂದು ಹೇಳಿ ನೋಡಿದರೆ, ರಾತ್ರಿ ಎಲ್ಲಿ ಮಲಗಿದ್ದೆ ಎಂದು ಒಂದು ಮಾತು ಕೇಳಿದರೆ ಅವನು ಕೆಂಪಿಗೆ ಬರುತ್ತಾನೆ. ಕೊಳಕುಮಂಡಲ ಕಡಿದವರಿಗೆ ಇನ್ನೊಂದು ಸರಳ ಪರೀಕ್ಷೆಯಿದೆ: ಒಣಗಿದ, ಶುಭ್ರವಾದ ಗಾಜಿನ ನಳಿಕೆಯಲ್ಲಿ ಸ್ವಲ್ಪ ರಕ್ತ ಹಾಕಿ ಅಲುಗಾಡಿಸದೆ 20 ನಿಮಿಷ ಇಡುವುದು. ಓರೆ ಮಾಡಿದಾಗ ರಕ್ತ ನೀರಿನಂತೆ ಹರಿದರೆ ವಿಷ ಏರಿದೆ. ದೇಶದಲ್ಲಿ ವರ್ಷಕ್ಕೆ ಸರಾಸರಿ 58 ಸಾವಿರ ಜನ ಹಾವು ಕಡಿದು ಸಾಯುತ್ತಾರೆ ಎಂಬುದು 2020ರಲ್ಲಿ ಪ್ರಕಟವಾದ ಅಂದಾಜು. ಕರ್ನಾಟಕ 2024ರ ಫೆಬ್ರುವರಿಯಲ್ಲಿ ಹಾವಿನ ಕಡಿತವನ್ನು ಸರ್ಕಾರಕ್ಕೆ ವರದಿ ಮಾಡಲೇಬೇಕಾದ ಪ್ರಕರಣವೆಂದು ಘೋಷಿಸಿತು. ಒಳ್ಳೆಯ ಹೆಜ್ಜೆ. ಆ ವರದಿಯಲ್ಲಿ, ರೋಗಿ ಬಂದಾಗ ಬಾಗಿಲಲ್ಲಿ ಯಾವ ಬಣ್ಣ ಕೊಟ್ಟಿದ್ದರು ಎಂಬ ಒಂದು ಸಾಲೂ ಇರಬೇಕು.

ಬೆಳೆಗೆ ಹೊಡೆಯುವ ಔಷಧಕ್ಕೆ ನಾವು ‘ಎಣ್ಣಿ’ ಅನ್ನುತ್ತೇವೆ. ತೊಗರಿ ಹೂವಾಡುವ ದಿನಗಳಲ್ಲಿ ಹೊಲದಲ್ಲೆಲ್ಲ ಅದರದೇ ವಾಸನೆ. ಹೊಡೆಯುವಾಗ ಮೈಗೆ ಹತ್ತಿದ್ದಿರಲಿ, ಮನಸ್ಸು ಕೆಟ್ಟ ಗಳಿಗೆಯಲ್ಲಿ ಹೊಟ್ಟೆಗೆ ಹೋದದ್ದಿರಲಿ, ಪೊಲೀಸ್ ಕೇಸಿನ ಅಂಜಿಕೆಗೆ ಮನೆಯವರು ಹೇಳುವುದು ‘ವಾಂತಿ ಭೇದಿ’ ಎಂದೇ. ಜೊಲ್ಲು, ಬೆವರು, ಸಾಸಿವೆ ಕಾಳಿನಷ್ಟು ಕಿರಿದಾದ ಕಣ್ಣಿನ ಪಾಪೆ: ಇವು ಹೇಳುವ ಸತ್ಯವನ್ನು ಮಾತು ಮುಚ್ಚಿಡುತ್ತದೆ. ಇನ್ನೂ ಕಷ್ಟದ ಸಂಗತಿಯೆಂದರೆ ಈ ವಿಷದಲ್ಲಿ ಗಂಭೀರತೆ ಒಂದೇ ದಿನದ್ದಲ್ಲ. ಮೊದಲ ದಿನ ಚೇತರಿಸಿಕೊಂಡು ಚಹಾ ಕುಡಿದವನು ಎರಡನೆಯ, ಮೂರನೆಯ ದಿನ ದಿಂಬಿನಿಂದ ತಲೆ ಎತ್ತಲಾರದೆ ಉಸಿರು ಕಳೆದುಕೊಳ್ಳಬಹುದು. ಬಾಗಿಲಲ್ಲಿ ಹಚ್ಚಿದ ಬಣ್ಣವನ್ನು ಹಾಗೇ ಬಿಡದೆ, ಮತ್ತೆ ಮತ್ತೆ ನೋಡಿ ಬದಲಿಸುತ್ತಿರಬೇಕು.

ಗಣಿಯಲ್ಲಿ ಕಲ್ಲಿನ ಅಡಿ ಕಾಲು ಸಿಕ್ಕವನೂ ಹಾಗೆಯೇ. ಬಹಳ ಹೊತ್ತು ಸಿಕ್ಕಿಕೊಂಡಿದ್ದಾಗಲೂ ಮಾತಾಡುತ್ತಾನೆ, ನೀರು ಕೇಳುತ್ತಾನೆ. ಕಲ್ಲೆತ್ತಿದೊಡನೆ ಜಜ್ಜಿದ ಸ್ನಾಯುವಿನ ವಿಷ ರಕ್ತಕ್ಕೆ ನುಗ್ಗಿ ಹೃದಯಕ್ಕೆ, ಮೂತ್ರಪಿಂಡಕ್ಕೆ ಹೊಡೆತ ಬೀಳುತ್ತದೆ. ಬೇಸಿಗೆಯಲ್ಲಿ ಬಿಸಿಲು ಬಡಿದು ತೊದಲುತ್ತ ತೂರಾಡುವ ಕೂಲಿಯವನನ್ನು ‘ಕುಡದಾನ, ಮಲಗಲಿ ಬಿಡು’ ಎಂದು ಮೂಲೆಗೆ ಒತ್ತಿಬಿಡುವುದನ್ನು ನೋಡಿದ್ದೇನೆ. 40 ಡಿಗ್ರಿ ಸೆಲ್ಸಿಯಸ್ ದಾಟಿದ ಮೈಯ ಬಿಸಿಗೆ ಬುದ್ಧಿ ಕಲಕಿದ್ದರೆ ಅದು ಕ್ಷಣವೂ ಕಾಯಬಾರದ ಸ್ಥಿತಿ. ಸಕ್ಕರೆ ಇಳಿದವನೂ ಹೀಗೇ ತೂರಾಡುತ್ತಾನೆ. ಒಂದು ಥರ್ಮಾಮೀಟರು, ಬೆರಳ ತುದಿಯಿಂದ ಒಂದು ಹನಿ ರಕ್ತ ಸಾಕು ಕುಡಿತ ಯಾವುದು, ಸಾವು ಯಾವುದು ಎಂದು ಬೇರೆ ಮಾಡಲು.

ಕಲಬುರಗಿ ಜಿಲ್ಲೆಗೆ ಈ ವಿಷಯದಲ್ಲಿ ಮರೆಯಬಾರದ ನೆನಪೊಂದಿದೆ. ಭಾರತದಲ್ಲಿ ಕೋವಿಡ್‌ನಿಂದ ಮೊದಲು ತೀರಿಕೊಂಡವರು ನಮ್ಮ ಕಲಬುರಗಿಯ 76 ವರ್ಷದ ಹಿರಿಯರು. ಕಲಬುರಗಿಯಲ್ಲಿ ಖಾಸಗಿ ಚಿಕಿತ್ಸೆ, ಅಲ್ಲಿಂದ ಹೈದರಾಬಾದು, ಅಲ್ಲಿಂದ ಮರಳಿ ಬರುವ ದಾರಿಯಲ್ಲೇ 2020ರ ಮಾರ್ಚ್ 10ರಂದು ಕೊನೆಯುಸಿರು. ಮುಂದಿನ ವರ್ಷದ ಎರಡನೆಯ ಅಲೆಯಲ್ಲಿ ‘ಟ್ರಯಾಜ್’ ಎಂಬ ಪದ ಕನ್ನಡ ಪತ್ರಿಕೆಗಳಿಗೂ ಬಂತು. ಆಮ್ಲಜನಕ 94ಕ್ಕಿಂತ ಕೆಳಗಿಳಿದರೆ ಹಾಸಿಗೆ ಎಂಬ ಲೆಕ್ಕ ಹಳ್ಳಿಯ ಮುದುಕರ ಬಾಯಲ್ಲೂ ಇತ್ತು. ನಗುತ್ತ ಮಾತಾಡುತ್ತಿದ್ದವರ ಬೆರಳಿಗೆ ಯಂತ್ರ ಹಚ್ಚಿದರೆ 80 ತೋರಿಸುತ್ತಿತ್ತು. ಮುಖ ನೋಡಿ ಗಂಭೀರತೆ ಹೇಳಲಾಗದು ಎಂದು ಇಡೀ ನಾಡು ಆಗ ಕಲಿತಿತು. ಆದರೆ ಯಂತ್ರವನ್ನೂ ಕಣ್ಣು ಮುಚ್ಚಿ ನಂಬುವಂತಿಲ್ಲ. 2020ರ ಡಿಸೆಂಬರಿನಲ್ಲಿ ಅಮೆರಿಕದ ವೈದ್ಯರು ತೋರಿಸಿದ ಪ್ರಕಾರ, ರಕ್ತದಲ್ಲಿ ಆಮ್ಲಜನಕ ನಿಜವಾಗಿ ಇಳಿದಿದ್ದರೂ ಬೆರಳಿನ ಯಂತ್ರ ಸರಿಯಿದೆ ಎಂದು ತೋರಿಸುವ ತಪ್ಪು, ಬಿಳಿಯರಿಗಿಂತ ಕಪ್ಪು ಜನರಲ್ಲಿ ಸುಮಾರು ಮೂರು ಪಟ್ಟು ಹೆಚ್ಚು. ಬಿಸಿಲಲ್ಲಿ ದುಡಿದು ಕಪ್ಪಾದ ನಮ್ಮ ಜನರ ಬೆರಳಿಗೂ ಈ ಎಚ್ಚರ ಬೇಕು. ಯಂತ್ರ 95 ಅಂದರೂ ಉಸಿರು ನಿಮಿಷಕ್ಕೆ 32 ಓಡುತ್ತಿದ್ದರೆ ಉಸಿರನ್ನು ನಂಬಬೇಕು.

ಅಂಕೆಗಳಾಚೆ ಭಾಷೆಯಿದೆ. ಕೊಂಚಾವರಂ ಕಡೆಯ ತಾಂಡಾದಿಂದ ಬಂದ ತಾಯಿ ಲಂಬಾಣಿಯಲ್ಲಿ ಹೇಳುತ್ತಾಳೆ, ಸೇಡಂ ಗಡಿಯವರು ತೆಲುಗಿನಲ್ಲಿ, ವಾಡಿಯ ಅಜ್ಜಿ ದಖ್ಖನಿಯಲ್ಲಿ. ‘ಜೀವ ಹ್ಯಾಂಗೋ ಆಗ್ಲತ್ತದ’, ‘ಘಾಬರಿ ಆಗ್ಲತ್ತದ’, ‘ಉಸರು ಸಿಗವಲ್ದು’ — ಇವು ಯಾವ ಕೈಪಿಡಿಯಲ್ಲೂ ಇಲ್ಲದ, ಆದರೆ ಎದೆಯ ಕಾಯಿಲೆಯ ನಿಜವಾದ ಮಾತುಗಳು. ಹೆಣ್ಣುಮಕ್ಕಳು, ಸಕ್ಕರೆ ಕಾಯಿಲೆಯವರು, ವಯಸ್ಸಾದವರು ಎದೆ ಹಿಡಿದುಕೊಂಡು ಬೀಳುವುದು ಕಡಿಮೆ. ವಾಂತಿ, ಬೆವರು, ಸುಸ್ತು, ದವಡೆ ನೋವು ಎಂದೂ ಬರುತ್ತಾರೆ. ಬಂದ 10 ನಿಮಿಷದೊಳಗೆ ಇಸಿಜಿ ಆಗಬೇಕೆಂಬುದು ಎಲ್ಲ ಕಡೆ ಒಪ್ಪಿದ ನಿಯಮ. 2023ರಲ್ಲಿ ರಾಜ್ಯ ಸರ್ಕಾರ ಪುನೀತ್ ರಾಜ್‌ಕುಮಾರ್ ಹೆಸರಿನಲ್ಲಿ ತಂದ ಹೃದಯಜ್ಯೋತಿ ಯೋಜನೆಯ ಜೀವಾಳವೂ ಇದೇ: ತಾಲ್ಲೂಕಿನಲ್ಲಿ ಇಸಿಜಿ ತೆಗೆದು ದೊಡ್ಡ ಆಸ್ಪತ್ರೆಯ ತಜ್ಞರಿಗೆ ಕಳಿಸುವುದು, ಹೃದಯಾಘಾತವಾಗಿದ್ದರೆ ಹೆಪ್ಪು ಕರಗಿಸುವ ದುಬಾರಿ ಇಂಜೆಕ್ಷನ್ ಅನ್ನು ಅಲ್ಲೇ ಉಚಿತವಾಗಿ ಕೊಡುವುದು. ಆದರೆ ಇಸಿಜಿ ಯಂತ್ರ ಕೋಣೆಯಲ್ಲಿದ್ದು ರೋಗಿ ಬೆಂಚಿನ ಮೇಲೇ ಉಳಿದರೆ ಯೋಜನೆ ಏನು ಮಾಡೀತು? ಬೆಂಚಿನಿಂದ ಯಂತ್ರದವರೆಗಿನ ಆ ಹತ್ತು ಹೆಜ್ಜೆಯನ್ನು ದಾಟಿಸುವುದೇ ಟ್ರಯಾಜ್.

ಇನ್ನು ‘ಕಲಬುರ್ಗಿಗೆ ಒಯ್ರಿ’ ಎಂಬ ಮಾತು. ನಮ್ಮ ಕಡೆ ಪ್ರತಿ ಮನೆಗೂ ಇದು ಗೊತ್ತು. ರಾವೂರಿನಿಂದ ಅದು ಒಂದು ತಾಸಿನ ದಾರಿ, ಚಿಂಚೋಳಿಯ ಆಚೆಯ ತಾಂಡಾಗಳಿಂದ ಎರಡು ತಾಸು ಮೀರುತ್ತದೆ. ಕೆಲವರು ಸೋಲಾಪುರಕ್ಕೋ ಹೈದರಾಬಾದಿಗೋ ಹೋಗುತ್ತಾರೆ. ಬಣ್ಣ ಸರಿಯೋ ತಪ್ಪೋ ಎಂದು ಪರೀಕ್ಷಿಸುವ ಹೊರದೇಶದ ಅಧ್ಯಯನಗಳಲ್ಲಿ ಆಸ್ಪತ್ರೆಗೆ ದಾಖಲಾದರೆ, ಐಸಿಯು ಸೇರಿದರೆ ಗಂಭೀರ ಎಂದು ಲೆಕ್ಕ ಹಾಕುತ್ತಾರೆ. ನಮ್ಮಲ್ಲಿ ಆ ಲೆಕ್ಕ ನಡೆಯದು. ಇಲ್ಲಿ ಹಾಸಿಗೆ ಖಾಲಿ ಇಲ್ಲದೆ ಗಂಭೀರ ರೋಗಿ ಹೊರಗುಳಿಯುತ್ತಾನೆ, ದುಡ್ಡಿಲ್ಲದೆ ಸಹಿ ಮಾಡಿ ಮನೆಗೆ ಹೋಗುತ್ತಾನೆ, ತಜ್ಞರಿಲ್ಲ ಎಂಬ ಕಾರಣಕ್ಕೆ ಸಾಮಾನ್ಯ ರೋಗಿಯೂ ರೆಫರ್ ಆಗುತ್ತಾನೆ. ಕಳಿಸಿದ ಮೇಲೆ ಆ ರೋಗಿ ಏನಾದನೆಂದು ಕಳಿಸಿದ ಡಾಕ್ಟರಿಗೂ ಸಿಸ್ಟರಿಗೂ ಗೊತ್ತಾಗುವುದೇ ಇಲ್ಲ. ತಾನು ಕೊಟ್ಟ ಬಣ್ಣ ಸರಿಯಿತ್ತೋ ತಪ್ಪೋ ಎಂಬುದು ತಿಳಿಯದೆ ಯಾವ ಕೈ ತಾನೇ ಪಳಗೀತು? ಈ ಕೊಂಡಿ ಕಡಿದಿರುವುದೇ ನನ್ನ ಪ್ರಕಾರ ನಮ್ಮ ತುರ್ತು ಚಿಕಿತ್ಸೆಯ ದೊಡ್ಡ ಕೊರತೆ. ಕಟ್ಟಡದ ಕೊರತೆ, ಯಂತ್ರದ ಕೊರತೆ ಇದರ ನಂತರ.

ತುರ್ತು ರೋಗಿಯನ್ನು ಯಾವ ಆಸ್ಪತ್ರೆಯೂ ಮರಳಿ ಕಳಿಸಬಾರದೆಂದು ಸುಪ್ರೀಂ ಕೋರ್ಟ್ 1989ರಲ್ಲೇ ಪರಮಾನಂದ ಕಟಾರಾ ಪ್ರಕರಣದಲ್ಲಿ ಹೇಳಿತು. ನಮ್ಮ ರಾಜ್ಯದಲ್ಲಿ 108 ವಾಹನ ಓಡತೊಡಗಿದ್ದು 2008ರಲ್ಲಿ. ಬಾಗಿಲು ತೆರೆಯಿತು, ಬಾಗಿಲವರೆಗೆ ಗಾಡಿಯೂ ಬಂತು. ಬಾಗಿಲೊಳಗಿನ ಮೊದಲ ಐದು ನಿಮಿಷಕ್ಕೆ ಇನ್ನೂ ಯಾರೂ ವಾರಸುದಾರರಿಲ್ಲ.

ಜಿಲ್ಲೆಯ ಆರೋಗ್ಯಾಧಿಕಾರಿಗಳಲ್ಲಿ, ಚಿತ್ತಾಪುರ, ಸೇಡಂ, ಚಿಂಚೋಳಿ, ಶಹಾಬಾದ್‌ನ ಸರ್ಕಾರಿ ದವಾಖಾನೆಗಳವರಲ್ಲಿ ನನ್ನ ಕೋರಿಕೆ ಇಷ್ಟೆ. ತುರ್ತು ವಿಭಾಗದ ರಿಜಿಸ್ಟರಿನಲ್ಲಿ ಬಂದ ಹೊತ್ತು, ಕೊಟ್ಟ ಬಣ್ಣ, ಡಾಕ್ಟರು ನೋಡಿದ ಹೊತ್ತು, ಮರುದಿನದ ಸ್ಥಿತಿ ಎಂದು ನಾಲ್ಕು ಕಲಂ ಎಳೆಯಿರಿ. ನಾಲ್ಕನೆಯದನ್ನು ತುಂಬಲು ಮರುದಿನ ಕಲಬುರಗಿಗೆ ಒಂದು ಫೋನ್ ಮಾಡಿ. ತಿಂಗಳಿಗೊಮ್ಮೆ ಹಸಿರು ಬಣ್ಣ ಪಡೆದು ಕೆಟ್ಟ ಸ್ಥಿತಿಗೆ ಹೋದವರ ಹೆಸರುಗಳನ್ನಷ್ಟೇ ಎತ್ತಿಕೊಂಡು, ಯಾರನ್ನೂ ಬೈಯದೆ, ಎಲ್ಲಿ ತಪ್ಪಿತೆಂದು ಕೂತು ನೋಡಿ. ರಾತ್ರಿ ಪಾಳಿಯಲ್ಲಿ ಬಾಗಿಲಿಗೆಂದೇ ಇನ್ನೊಬ್ಬ ಸಿಸ್ಟರನ್ನು ಕೊಡಿ. ಒಬ್ಬರೇ ಹೊಲಿಗೆಗೂ ಹಿಡಿದು, ಸಲಾಯಿನ್ನೂ ಹಚ್ಚಿ, ಬೆಂಚಿನ ಮೇಲಿನವರ ಉಸಿರನ್ನೂ ಎಣಿಸಲು ಆಗದು.

ಓದುವವರಿಗೂ ಒಂದು ಮಾತು. ಮನೆಯವರನ್ನು ದವಾಖಾನೆಗೆ ಒಯ್ದಾಗ ‘ಗ್ಯಾಸ ಆಗ್ಯಾದ’ ಎಂದು ನೀವೇ ಹೆಸರಿಡಬೇಡಿ. ಯಾವಾಗ ಶುರುವಾಯಿತು, ಬೆವರು ಬಂತೇ, ಉಸಿರು ಏರಿದೆಯೇ, ಎಲ್ಲಿ ಮಲಗಿದ್ದರು, ಏನು ಮುಟ್ಟಿದ್ದರು, ಸಕ್ಕರೆ ಕಾಯಿಲೆ ಇದೆಯೇ ಎಂಬುದನ್ನು ಹೇಳಿ, ಮುಚ್ಚಿಡದೆ ಹೇಳಿ. ನಿಮ್ಮವರಿಗಿಂತ ಹೆಚ್ಚು ಕಷ್ಟದಲ್ಲಿದ್ದವರು ಪಕ್ಕದಲ್ಲಿದ್ದರೆ ದಾರಿ ಬಿಡಿ. ನಿಮ್ಮವರು ಸುಮ್ಮನೆ ಕೂತು ಬೆವರುತ್ತಿದ್ದರೆ ಮಾತ್ರ ಎದ್ದು ಹೋಗಿ, ಕೈ ಮುಗಿದಾದರೂ ಸರಿ, ‘ಸಿಸ್ಟರ್, ಒಮ್ಮೆ ಇವರ ನಾಡಿ ನೋಡ್ರಿ, ಇಸಿಜಿ ತೆಗೀರಿ’ ಎಂದು ಕೇಳಿ. ಆ ರಾತ್ರಿ ನಾನು ಕೇಳಲಿಲ್ಲ.